ಕಣ್ಣೀರುಸುಳಿಯ ಕುದುರೆ

ಮದ್ದೂರು ಸ್ಟೇಷನ್ನಿನ ಮುಂದೆ ಜಟಕಾ ನಿಲ್ಲಿಸುತ್ತಿದ್ದ ಚಿಕ್ಕಮಾದುವಿನ ಹುಟ್ಟೂರು ಕಿರುಗಾವಲು. ಅವರ ವಂಶದಲ್ಲಿ ಯಾರೂ ಕುದುರೆ ಕಟ್ಟಿದವರಲ್ಲ. ಅವನು ಹುಡುಗನಾಗಿದ್ದಾಗ ಅಮಲ್ದಾರರು ಕುದುರೆಯ ಮೇಲೆ ಊರಿಗೆ ಬಂದರೆ ಉಳಿದ ಮಕ್ಕಳು ಹೆದರಿ ಒಳಗೆ ಓಡುತ್ತಿದ್ದವಂತೆ. ಇವನು ಮಾತ್ರ ಕುದುರೆ ಕಟ್ಟಿದ ಹುಣಸೆಮರದ ಹತ್ತಿರ ಹೋಗಿ ಕೂತು, ಅದು ಹುಲ್ಲು ಅಗಿಯುವ ಸದ್ದು ಕೇಳುತ್ತಿದ್ದನಂತೆ. ಇದನ್ನೆಲ್ಲ ನನಗೆ ಹೇಳಿದವಳು ಅವನ ಹೆಂಡತಿ ಮರಿತಾಯಮ್ಮ. ಗುಡಿಬೀದಿಯ ನಮ್ಮ ಮನೆಗೆ ದಿನಾ ಮೊಸರು ತರುತ್ತಿದ್ದಳು.

ಮೀಸೆ ಮೂಡುವ ಹೊತ್ತಿಗೆ ಅವನು ಮೈಸೂರಿನಲ್ಲಿ ಒಬ್ಬ ಶ್ರೀಮಂತರ ಲಾಯಕ್ಕೆ ಹುಲ್ಲು ಹೊರಲು ಸೇರಿದ. ದಸರಾ ಬಂದಾಗ ಕುದುರೆಗಳನ್ನು ತಿಕ್ಕಿ, ಸಿಂಗರಿಸಿ, ಬೇರೆಯವರ ಕೈಗೆ ಹಗ್ಗ ಕೊಟ್ಟು, ತಾನು ಲಾಯದ ಬಾಗಿಲಲ್ಲೇ ಉಳಿಯುತ್ತಿದ್ದ. ಮದುವೆಯಾದ ಮೇಲೆ ಮದ್ದೂರಿಗೆ ಬಂದು ಬಾಡಿಗೆ ಜಟಕಾ ಹೊಡೆದ. ತನ್ನದು ಅನ್ನುವ ಕುದುರೆ ಅವನಿಗೆ ಸಿಕ್ಕಿದ್ದು ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ವರ್ಷ.

ಕಂದು ಬಣ್ಣದ ಹೆಣ್ಣುಕುದುರೆ. ಚೆಲುವಿ ಅಂತ ಹೆಸರಿಟ್ಟ. ಮಾರಿದವನು ಅಗ್ಗಕ್ಕೆ ಕೊಟ್ಟಿದ್ದಕ್ಕೆ ಕಾರಣವಿತ್ತು. ಅದರ ಬಲಗಣ್ಣಿನ ಕೆಳಗೆ ಕೂದಲು ಸುತ್ತಿಕೊಂಡು, ಕುಂಕುಮದ ಬೊಟ್ಟಿನಷ್ಟು ಒಂದು ಸುಳಿ. ಕಣ್ಣೀರುಸುಳಿ ಅನ್ನುತ್ತಾರೆ. ಅಂಥ ಕುದುರೆಯನ್ನು ಸಾಕಿದವರ ಮನೆಯಲ್ಲಿ, ಹತ್ತಿದವರ ಮನೆಯಲ್ಲಿ ಅಳು ತಪ್ಪುವುದಿಲ್ಲ ಎಂದು ನಂಬಿಕೆ. ಎತ್ತು ಕೊಳ್ಳುವಾಗಲೂ ಸುಳಿ ನೋಡುವ ಸೀಮೆ ನಮ್ಮದು.

“ಸುಳಿ ಕಾಣಾಕಿಲ್ವಾ ನಿನ್ಗೆ?” ಅಂದಳು ಮರಿತಾಯಮ್ಮ.

“ಕಾಣ್ತು ಕಣೆ. ನಡಿಗೆನೂ ಕಾಣ್ತು.”

ಗಾಡಿಯ ಕುದುರೆಗೆ ಅಕ್ಕಪಕ್ಕ ಕಾಣದಂತೆ ಕಣ್ಣಿನ ಬದಿಗೆ ತೊಗಲಿನ ಪಟ್ಟಿ ಕಟ್ಟುವುದು ವಾಡಿಕೆ. ಚಿಕ್ಕಮಾದು ಮಳವಳ್ಳಿಯಲ್ಲಿ ಹೇಳಿ, ಕೊಂಚ ಅಗಲದ ಪಟ್ಟಿ ಮಾಡಿಸಿದ. ಸುಳಿ ಅದರಡಿ ಮುಚ್ಚಿಹೋಯಿತು. ಆಯುಧಪೂಜೆಗೆ ಉಳಿದ ಜಟಕಾದವರು ಕುದುರೆಗಳ ಮೈತೊಳೆದು ಗುಡಿಯ ಮುಂದೆ ಸಾಲಾಗಿ ನಿಲ್ಲಿಸಿದರೆ, ಇವನು ಮನೆಯ ಹಿತ್ತಲಲ್ಲೇ ಪೂಜೆ ಮುಗಿಸುತ್ತಿದ್ದ. ಮೂರು ವರ್ಷ ಯಾರಿಗೂ ತಿಳಿಯಲಿಲ್ಲ. ಅವನಿಗೆ ಇದ್ದದ್ದು ಒಂದೇ ಆಸೆ, ಚೆಲುವಿ ಒಂದು ಸಲವಾದರೂ ಗಾಡಿಯ ಭಾರವಿಲ್ಲದೆ ಮೆರವಣಿಗೆಯಲ್ಲಿ ನಡೆಯಬೇಕು.

ಬೆಸಗರಹಳ್ಳಿಯ ಬೆಲ್ಲದ ವ್ಯಾಪಾರಿ ಕರಿಯಪ್ಪನವರ ಮಗನಿಗೆ ಮದ್ದೂರಿನ ಹೆಣ್ಣು ಗೊತ್ತಾಯಿತು. ಮದುಮಗನ ಮೆರವಣಿಗೆಗೆಂದು ಮಂಡ್ಯದಿಂದ ಬರಬೇಕಿದ್ದ ಮೋಟಾರು ಯಲಿಯೂರಿನ ಹತ್ತಿರ ಕೆಟ್ಟು ನಿಂತಿತು. ಕರಿಯಪ್ಪನವರು ಸ್ಟೇಷನ್ನಿನ ಹತ್ತಿರ ಬಂದರು.

“ಏನ್ಲಾ ಮಾದು, ನಿನ್ ಕುದ್ರೆ ಮ್ಯಾಲೆ ಮದುಮಗ ಕೂರ್ಬೋದಾ, ಇಲ್ಲಾ ಕೆಡವ್ತದಾ?”

“ನಿಮ್ ಮೋಟಾರ್‌ನಂಗೆ ನಡುದಾರೀಲಿ ನಿಂತ್ಕೊಳಾಕಿಲ್ಲ, ಗೌಡ್ರೇ.”

ಸುದ್ದಿ ಕೇಳಿ ಮರಿತಾಯಮ್ಮ ಹೆದರಿದಳು. “ಬ್ಯಾಡ ಬುಡು. ಗಾಡಿಗೆ ಜನ ಬತ್ತಾವ್ರೆ, ಅದೇ ಸಾಕು. ಸುಳಿ ಕಂಡ್ರೆ ಅದೂ ಓಯ್ತದೆ.”

“ಪಟ್ಟಿ ಬಿಚ್ಚಾಕಿಲ್ಲ ಕಣೆ,” ಅಂದ.

ಸಂಜೆ ಇನ್ನೂ ಬಿಸಿಲಿತ್ತು. ಚೆಲುವಿಯ ಬೆನ್ನಿಗೆ ಜರಿಯಂಚಿನ ಬಟ್ಟೆ ಹೊದಿಸಿ ಮದುಮಗನನ್ನು ಕೂರಿಸಿದರು. ಹಿಂದಿನಿಂದ ತಮಟೆಯೂ ಡೋಲೂ ಒಟ್ಟಿಗೆ ಶುರುವಾದವು. ಪಟ್ಟಿ ಕಟ್ಟಿದ ಕುದುರೆಗೆ ಸದ್ದು ಎಲ್ಲಿಂದ ಬಂತೆಂದು ಕಾಣಲಿಲ್ಲ. ಮುಂಗಾಲು ಎತ್ತಿತು. ಮದುಮಗ ಕುತ್ತಿಗೆ ತಬ್ಬಿದ. ಹೆಂಗಸರು ಕೂಗಿಕೊಂಡರು.

“ಸಾಕು ಬುಡ್ಲಾ, ಹೊಡ್ಕೊಂಡ್ ಓಗು. ನಮ್ ಹುಡ್ಗ ನಡ್ಕೊಂಡೇ ಬತ್ತಾನೆ,” ಅಂದರು ಕರಿಯಪ್ಪನವರು.

ಆಗ ಹೋಗಿಬಿಟ್ಟಿದ್ದರೆ ಅವನ ಗುಟ್ಟು ಅವನಲ್ಲೇ ಉಳಿಯುತ್ತಿತ್ತು. ಚಿಕ್ಕಮಾದು ಕಡಿವಾಣ ಹಿಡಿದು ಕುದುರೆಯನ್ನು ಸಂತೈಸಿದ. ಆಮೇಲೆ ಎರಡೂ ಪಟ್ಟಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಚೆಲುವಿ ಕತ್ತು ತಿರುಗಿಸಿ ತಮಟೆಯವರನ್ನು ನೋಡಿತು, ಜನರನ್ನು ನೋಡಿತು, ಉದ್ದಕ್ಕೆ ಉಸಿರುಬಿಟ್ಟು ನಡೆಯತೊಡಗಿತು.

ಮೆರವಣಿಗೆ ನಮ್ಮ ಬೀದಿಯಲ್ಲೇ ಹಾದುಹೋಯಿತು. ಕುದುರೆ ಒಂದೊಂದು ಕಾಲನ್ನೂ ಎತ್ತಿ ಇಡುತ್ತಿದ್ದ ಚಂದವನ್ನೇ ಎಲ್ಲರೂ ನೋಡುತ್ತಿದ್ದುದರಿಂದ ಮದುಮಗನ ಮುಖ ಹೇಗಿತ್ತೆಂದು ಆಮೇಲೆ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಚಿಕ್ಕಮಾದು ಯಾರ ಕಡೆಗೂ ನೋಡದೆ ಹಗ್ಗ ಹಿಡಿದು ಪಕ್ಕದಲ್ಲಿ ನಡೆದ.

ಚಪ್ಪರದ ಬಾಗಿಲಲ್ಲಿ ಮದುಮಗಳ ಅಜ್ಜಿ ಆರತಿ ಹಿಡಿದು ನಿಂತಿದ್ದರು. ಮದುಮಗನಿಗೆ ಎತ್ತಿದ ಮೇಲೆ ಕುದುರೆಯ ಹಣೆಗೂ ಕುಂಕುಮ ಇಡಲು ಹತ್ತಿರ ಬಂದರು. ಬೆರಳು ಅಲ್ಲೇ ನಿಂತಿತು.

“ಅಯ್ಯೋ, ಕಣ್ಣೀರ್‌ಸುಳಿ ಕಣ್ರಪ್ಪೋ! ಇಳ್ಸ್ರೋ ಮಗೀನಾ!”

ಮದುಮಗನನ್ನು ಇಳಿಸಿ ಕಾಲು ತೊಳೆಸಿದರು. ಪುರೋಹಿತರು ಮಂತ್ರ ಹೇಳಿ ನೀರು ಚಿಮುಕಿಸಿದರು. ಮದುವೆ ನಡೆಯಿತು. ಚಿಕ್ಕಮಾದುವನ್ನು ಊಟಕ್ಕೆ ಯಾರೂ ಕರೆಯಲಿಲ್ಲ.

ಮಾರನೆಯ ದಿನದಿಂದ ಅವನ ಜಟಕಾಕ್ಕೆ ಜನ ಹತ್ತಲಿಲ್ಲ. ಪಕ್ಕದ ಗಾಡಿಯ ಕೆಂಪಯ್ಯ, “ಮಾದನ್ ಗಾಡೀಲಿ ಓಗೋರು ಟವಲ್ ಇಟ್ಕೊಂಡ್ ಓಗ್ರಪ್ಪೋ,” ಎಂದು ಕೂಗಿ ನಗಿಸುತ್ತಿದ್ದ. ಚನ್ನಪಟ್ಟಣದ ಕಡೆಯವನೊಬ್ಬ ಕುದುರೆ ಕೊಳ್ಳಲು ಬರುವವನಿದ್ದ. ಪಟ್ಟಿ ಕಟ್ಟಿ ತೋರಿಸು, ಕೊಟ್ಟುಬಿಡು ಎಂದು ಮರಿತಾಯಮ್ಮ ಗೋಗರೆದಳು.

“ಆಮೇಕೆ ಅವ್ನೂ ಮುಚ್ಕೊಂಡೇ ಬಾಳ್ಬೇಕಲ್ಲಾ?” ಅಂದ ಚಿಕ್ಕಮಾದು. ಪಟ್ಟಿ ಕಟ್ಟಲಿಲ್ಲ. ಬಂದವನು ನೋಡಿ ಹಾಗೆಯೇ ಹೊರಟುಹೋದ.

ಕಡೆಗೆ ಅವನು ಜಟಕಾದ ಮೇಲಿನ ಕಮಾನು ಕಿತ್ತು, ಬೆಸಗರಹಳ್ಳಿ ಕಡೆಯ ತೋಟಗಳಿಂದ ಸ್ಟೇಷನ್ನಿಗೆ ವೀಳ್ಯದೆಲೆಯ ಪಿಂಡಿ ಸಾಗಿಸತೊಡಗಿದ. ಎಲೆಗೆ ಸುಳಿಯ ಹೆದರಿಕೆಯಿಲ್ಲ. ಸಂಪಾದನೆ ಕಡಿಮೆಯಾಯಿತು, ಮರಿತಾಯಮ್ಮ ಇನ್ನೆರಡು ಮನೆಗೆ ಮೊಸರು ಹಿಡಿದಳು. ಆ ವರ್ಷದ ಆಯುಧಪೂಜೆಗೆ ಚೆಲುವಿಯೂ ಗುಡಿಯ ಮುಂದೆ ಬಂತು, ಸಾಲಿನಿಂದ ಸ್ವಲ್ಪ ಆಚೆಗೆ. ತೊಗಲಿನ ಪಟ್ಟಿಯನ್ನು ಅವನು ಕತ್ತರಿಸಿ ತನ್ನ ಚಪ್ಪಲಿಯ ಅಟ್ಟೆಗೆ ಹೊಲಿಸಿಕೊಂಡಿದ್ದ.

ಪಟ್ಟಿಯಿಲ್ಲದ ಕುದುರೆ ದಾರಿಯಲ್ಲಿ ಕಂಡದ್ದಕ್ಕೆಲ್ಲ ನಿಲ್ಲುತ್ತಿತ್ತು. ಕಾಲುವೆಯ ನೀರಿಗೆ, ಒಣಗಿಸಿದ ಸೀರೆಗೆ, ಕರುವಿಗೆ. ಒಂದು ದಿನ ಹಾಗೆ ನಿಂತೇ ರೈಲು ತಪ್ಪಿತು. ಎಲೆಯ ತೋಟದ ಮುದ್ದಯ್ಯ ಸಿಟ್ಟಿನಿಂದ, “ಒಂದೇಟು ಬಿಗೀಲಾ!” ಅಂದ.

ಚಿಕ್ಕಮಾದು ಚಾಟಿ ಎತ್ತಲಿಲ್ಲ. “ನೋಡ್ಕೊಳ್ಲಿ ಬುಡಣ್ಣ,” ಅಂದ. “ಮೂರು ವರ್ಸದ್ದು ಬಾಕಿ ಅದೆ.”