ನಾಲ್ಕು ಬೆರಳಿನ ಮಡಿಕೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಾರಾಯಣಖೇಡದ ಅರ್ಧ ಊರಿಗೆ ಗೊತ್ತು. ಇನ್ನರ್ಧ ಊರು ನನ್ನ ಅಂಗಡಿಗೆ ಬಂದಿಲ್ಲ, ಅಷ್ಟೇ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದು ಮ್ಯಾಚಿಂಗ್ ಸೆಂಟರ್. ಜಂಪರದ ಬಟ್ಟೆ, ಅಸ್ತರ, ಗುಂಡಿ, ಸೀರೆಗೆ ಹಚ್ಚುವ ಫಾಲ್ ಮಾರುತ್ತೇನೆ. ಪಕ್ಕದ ಮಳಿಗೆ ದರ್ಜಿ ಚಂದ್ರಾಬಾಯಿಯದು. ನಡುವೆ ಎದೆಯೆತ್ತರದ ತಗಡಿನ ಗೋಡೆ. ಅವಳ ಮಷೀನು ನಿಂತರೆ ನನಗೆ ಗೊತ್ತಾಗುತ್ತದೆ, ನಾನು ಗಿರಾಕಿಗೆ ಬೈದರೆ ಅವಳಿಗೆ ಗೊತ್ತಾಗುತ್ತದೆ. ಹದಿನಾರು ವರ್ಷ ಹೀಗೇ ನಡೆದಿದೆ.

ಚಂದ್ರಾಬಾಯಿ ಮನೂರಿನ ಕಡೆಯವಳು, ಐವತ್ತು ದಾಟಿದವಳು. ಬೇರೆ ದರ್ಜಿಗಳು ಬೇಡ ಅನ್ನುವ ಗಿರಾಕಿಯೇ ಅವಳ ಗಿರಾಕಿ: ಒಂಬತ್ತರಿಂದ ಹದಿಮೂರರೊಳಗಿನ ಹುಡುಗಿಯರು. ಅವರ ಅಳತೆ ಕೂಸಿನದೂ ಅಲ್ಲ, ಹೆಂಗಸಿನದೂ ಅಲ್ಲ. ಯುಗಾದಿಗೆ ಹೊಲಿದದ್ದು ದಸರೆಗೆ ಗಿಡ್ಡ. ಅವಳ ಪದ್ಧತಿಯೂ ವಿಚಿತ್ರ. ತಾಯಿಯನ್ನು ಸ್ಟೂಲಿನ ಮೇಲೆ ಸುಮ್ಮನೆ ಕೂರಿಸಿ ಹುಡುಗಿಯನ್ನೇ ಕೇಳುತ್ತಾಳೆ. ಕೈ ಮೇಲೆತ್ತು, ನೆಲಕ್ಕೆ ಕೂಡು, ಬೇವಿನ ಗಿಡದ ತನಕ ಓಡಿ ಬಾ ಅನ್ನುತ್ತಾಳೆ. ಓಡಿ ಬಂದ ಮೇಲೇ ಟೇಪು ಹಿಡಿಯುವುದು. ಇನ್ನು ಫ್ರಾಕಿನ ಕೆಳಗಿನ ಅಂಚಿನಲ್ಲಿ ಒಳಗಡೆ ನಾಲ್ಕು ಬೆರಳು ಬಟ್ಟೆ ಮಡಚಿ ಹೊಲಿಯುತ್ತಾಳೆ. ಹುಡುಗಿ ಬೆಳೆದ ಹಾಗೆಲ್ಲ ಒಂದೊಂದು ಬೆರಳು ಬಿಚ್ಚುತ್ತಾ ಹೋಗಬೇಕು.

"ಹಿಂಗ ಮಾಡಿದ್ರ ಹೊಸಾದು ಯಾರು ಹೊಲಿಸ್ತಾರ, ನಿನ್ನ ತಲಿ!" ಎಂದು ನಾನು ಎಷ್ಟು ಸಲ ಬೈದಿದ್ದೇನೋ. ಅವಳು ನಕ್ಕು ಸುಮ್ಮನಾಗುತ್ತಾಳೆ. ಅವಳು ನಕ್ಕರೆ ನನಗೆ ಇನ್ನೂ ಸಿಟ್ಟು.

ಹೋದ ವರ್ಷ ಮದುವೆಗಳ ಸುಗ್ಗಿ. ಒಂದು ದಿನ ಮಧ್ಯಾಹ್ನ ನಮ್ಮ ಗಲ್ಲಿಯ ಮೇಲಿನ ಮನೆಯ ಈರಮ್ಮ ಬಿಸಿಲಲ್ಲಿ ಕೆಂಪಾಗಿ ಬಂದಳು. ಹಿಂದೆ ಸೊಸೆ ದೇವಿಕಾ, ಅವಳ ಹಿಂದೆ ಮೊಮ್ಮಗಳು ನೇಹಾ. ನೇಹಾಗೆ ಹನ್ನೊಂದು ವರ್ಷ, ಆರನೇ ಕ್ಲಾಸು. ಮಾರನೆಯ ದಿನ ಜಹೀರಾಬಾದಿನಲ್ಲಿ ಈರಮ್ಮನ ತಂಗಿಯ ಮಗನ ಮದುವೆ. ಹುಡುಗಿಗೆ ಉಡಲು ಬಟ್ಟೆ ಇಲ್ಲ.

"ಜಹೀರಾಬಾದ ಎಲ್ಲಾ ತಿರುಗಿ ಬಂದೀವಿ ಚಂದ್ರಾಬಾಯಿ," ಎಂದು ಈರಮ್ಮ ಕೂತಳು. "ಏಳು ದುಕಾನ! ಒಂದು ಕಡಿ ನೋಡಿದ್ರ ಕೂಸಿನ ಫ್ರಾಕು, ಬುಗ್ಗಿ ಹಂಗ ಉಬ್ಬಿದ್ದು. ಮೊಣಕಾಲ ಮುಚ್ಚಂಗಿಲ್ಲ. ಇನ್ನೊಂದು ಕಡಿ ಹೆಗಲೇ ಇಲ್ಲ. ಬೆನ್ನಿಗಿ ಬರೇ ದಾರ, ಎದಿ ತುಂಬ ಚಮಕಿ. ದೊಡ್ಡವರದೇ ಸಣ್ಣ ಸೈಜಿನಾಗ ಬಂದದರಿ, ಈಗ ಇದೇ ನಡದದ ಅಂತಾನ ಅಂವ. ಹನ್ನೊಂದು ವರ್ಷದ ಪೋರಿಗಿ ನೆಟ್ಟಗಿಂದು ಒಂದು ಬಟ್ಟಿ ಇಲ್ಲೇನು ಈ ಲೋಕದಾಗ?"

ಅಷ್ಟರ ಮಟ್ಟಿಗೆ ಮುದುಕಿ ಹೇಳಿದ್ದು ಖರೆ. ನನ್ನ ಅಂಗಡಿಗೆ ಬರುವ ತಾಯಂದಿರೆಲ್ಲ ಇದನ್ನೇ ಗೋಳಾಡುತ್ತಾರೆ. ಆದರೆ ಈರಮ್ಮ ಅಲ್ಲಿಗೇ ನಿಲ್ಲಲಿಲ್ಲ. ಇನ್ನೊಂದು ಚೀಲದಿಂದ ಗಿಳಿಹಸಿರು ಲಂಗದ ಬಟ್ಟೆ ತೆಗೆದು ಇಟ್ಟಳು. ಅದರ ಮೇಲೆ ಕುಂಕುಮ ಬಣ್ಣದ ವೋಣಿ.

"ಇದು ಹೊಲಿ. ತಾಂಡೂರಿನಿಂದ ನಮ್ಮ ದೇವಿಕಾನ ಅಣ್ಣ ಕಳಿಸ್ಯಾನ. ಹ್ಯಾಂಗೂ ಹನ್ನೊಂದರಾಗ ಅದಾಳ. ನಾಳಿ ಮದ್ವಿ ಮನ್ಯಾಗೇ ವೋಣಿ ಉಡಿಸಿ ಮುಗಿಸಿಬಿಡ್ತೀವಿ. ಮೈತುಂಬ ಬಟ್ಟಿನೂ ಆತು, ಕಾರ್ಯನೂ ಆತು."

ನನ್ನ ಕೈಯಲ್ಲಿದ್ದ ಗಜಕಡ್ಡಿ ಅಲ್ಲೇ ನಿಂತಿತು. ವೋಣಿ ಎಂದರೆ ಲಂಗದ ಮೇಲೆ ಹೆಗಲಿಗೆ ಹೊದಿಸುವ ಅರ್ಧ ಸೀರೆ. ನಮ್ಮ ಕಡೆ ಹುಡುಗಿಗೆ ಅದನ್ನು ಸೋದರಮಾವ ತರುತ್ತಾನೆ, ನಾಲ್ಕು ಮಂದಿಯ ಮುಂದೆ ಉಡಿಸುತ್ತಾನೆ. ಉಟ್ಟಳೆಂದರೆ ಹುಡುಗಿ ದೊಡ್ಡವಳಾದಳು ಎಂದೇ ಲೆಕ್ಕ. ಆ ಮಾವನಿಗೆ ಮಗನಿದ್ದರೆ ಬಾಯಿಬಿಟ್ಟು ಹೇಳುವುದೇ ಬೇಡ, ಆ ಮನೆಯ ಸೊಸೆ ಎಂದು ಮಂದಿ ಬರೆದಿಟ್ಟುಕೊಳ್ಳುತ್ತಾರೆ. ದೇವಿಕಾಳ ಅಣ್ಣ ಸಂಜೀವಕುಮಾರನಿಗೆ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇತ್ತು. ಹತ್ತನೇ ಕ್ಲಾಸಿನ ಮಗನೂ ಇದ್ದ.

ಚಂದ್ರಾಬಾಯಿ ಬಟ್ಟೆಯನ್ನು ಮುಟ್ಟಲಿಲ್ಲ, ನೋಡಿದಳು. ಅವಳೂ ಹನ್ನೊಂದಕ್ಕೇ ವೋಣಿ ಉಟ್ಟವಳು. ಮರುದಿನದಿಂದ ಶಾಲೆ ಇಲ್ಲ, ಹದಿನಾಲ್ಕಕ್ಕೆ ಮಾವನ ಮಗನ ಮನೆ. ಈ ಮಾತನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಗುಂಡಿಗೆ ಕಾಜಾ ಮಾಡುತ್ತಾ, ತಲೆ ಎತ್ತದೆ.

"ಇಟ್ಟು ಹೋಗ್ರಿ ಯಕ್ಕಾ. ಮುಂಜಾನಿ ಕೊಡ್ತೀನಿ," ಎಂದಳು.

ಎಂಥ ಹೆಂಗಸಪ್ಪಾ ಇವಳು ಎಂದು ನನಗೆ ಮೈಯೆಲ್ಲ ಉರಿಯಿತು. ಈರಮ್ಮ ಸೊಸೆಯನ್ನೂ ಮೊಮ್ಮಗಳನ್ನೂ ಅಳತೆಗೆ ಬಿಟ್ಟು ಬಳೆ ತರಲು ಬಜಾರಿಗೆ ಹೋದಳು.

ನೇಹಾ ಕೈ ಎತ್ತಿದಳು, ಕೂತಳು, ಬೇವಿನ ಗಿಡದ ತನಕ ಓಡಿ ಬಂದಳು. "ನಿನಗೇನು ಬೇಕವ್ವಾ?" ಎಂದು ಚಂದ್ರಾಬಾಯಿ ಕೇಳಿದಳು. ಹುಡುಗಿ ತಾಯಿಯ ಕಡೆ ನೋಡಿದಳು. ದೇವಿಕಾ ನೆಲ ನೋಡುತ್ತಿದ್ದಳು.

"ಕಿಸೆ. ಎರಡು ಕಿಸೆ ಇರಬೇಕು, ಸೈಕಲ್ ಚಾವಿ ಇಡಾಕ." ಆಮೇಲೆ ದನಿ ತಗ್ಗಿಸಿ ಕೇಳಿದಳು, "ವೋಣಿ ಉಟ್ಟಮ್ಯಾಲ ಸೈಕಲ್ ಮುಟ್ಟಾಕ ಬಿಡಂಗಿಲ್ಲಂತ ಖರೇನಾ ಆಯಿ? ಬೊಮ್ರಾಸಪೇಟ್ ಅಕ್ಕಗ ಬಿಟ್ಟಿಲ್ಲ. ಆಕಿ ಈಗ ಸಾಲಿಗೇ ಹೋಗಂಗಿಲ್ಲ."

ಚಂದ್ರಾಬಾಯಿ ಹಲಗೆಯ ಮೇಲೆ ಹಸಿರು ಬಟ್ಟೆ ಹರಡಿದಳು. ಅದರ ಪಕ್ಕ ವೋಣಿಯನ್ನೂ ಹರಡಿದಳು. ದೊಡ್ಡ ಕತ್ತರಿ ಎತ್ತಿಕೊಂಡಳು.

ನಾನು ತಗಡಿನ ಮೇಲಿಂದ ಕೂಗಿದೆ, "ಏ ಹುಚ್ಚಿ, ಅದು ವೋಣಿ! ಕತ್ರಿ ಕೆಳಗಿಡು!"

"ಗೊತ್ತದ," ಎಂದಳು.

ವೋಣಿಗೆ ಕತ್ತರಿ ಮುಟ್ಟಿಸುವಂತಿಲ್ಲ. ಮಗ್ಗದಿಂದ ಹೇಗೆ ಬಂತೋ ಹಾಗೇ ಹುಡುಗಿಯ ಹೆಗಲೇರಬೇಕು. ಕತ್ತರಿ ತಾಗಿದ್ದನ್ನು ಉಡಿಸಿದರೆ ಅಪಶಕುನ ಎಂದು ಯಾವ ಮುತ್ತೈದೆಯೂ ಆರತಿ ಎತ್ತುವುದಿಲ್ಲ. ದರ್ಜಿಯಾದವಳು ಅಂಥ ಕೆಲಸ ಮಾಡಿದಳು ಎಂದು ಊರಿಗೆ ತಿಳಿದರೆ ಮದುವೆ ಬಟ್ಟೆ ಅವಳ ಹತ್ತಿರ ಬರುತ್ತದೆಯೇ?

ಚಂದ್ರಾಬಾಯಿ ದೇವಿಕಾಳ ಕಡೆ ತಿರುಗಿದಳು. "ನೋಡವ್ವಾ, ಈಕಿಗಿ ಫ್ರಾಕು ಹೊಲೀಬೇಕಂತೀನಿ, ಲಂಗದ ಬಟ್ಟಿ ಒಂದರಾಗ ಆಗಂಗಿಲ್ಲ. ತೋಳಿಗಿ, ಕಿಸೆಗಿ ಇದು ಬೇಕು. ಕತ್ರಿ ಬಿತ್ತಂದ್ರ ಮುಗೀತು, ನಾಳಿ ಉಡಿಸಾಕ ಬರಂಗಿಲ್ಲ. ತಾಯಿ ನೀ ಇದ್ದಿ. ಬ್ಯಾಡಂದ್ರ ಜಂಪರದ ಬಟ್ಟಿ ಬ್ಯಾರೆ ತಗೊಂಡು ಲಂಗಾ ಜಂಪರನೇ ಹೊಲಿತೀನಿ, ಏನೂ ಅನ್ನಂಗಿಲ್ಲ."

"ಅಣ್ಣ ಸಿಟ್ಟಾದ್ರ ತವರಿನಾಗ ನನಗ ಮತ್ಯಾರದಾರರಿ?" ಎಂದಳು ದೇವಿಕಾ. ಅಪ್ಪ ಅವ್ವ ಇಲ್ಲದವಳು. ಗಂಡ ಲಾರಿ ಮೇಲೆ ತಿಂಗಳಿಗೆ ಇಪ್ಪತ್ತು ದಿನ ಊರಲ್ಲಿ ಇರುವುದಿಲ್ಲ. ಅವಳ ಸಂಕಟ ನನಗೆ ಅರ್ಥವಾಗಲಿಲ್ಲ ಅಂತಲ್ಲ. ಆದರೆ ನೇಹಾ ಉಸಿರು ಹಿಡಿದು ನಿಂತಿದ್ದಳು, ಬಜಾರಿನಿಂದ ಮುದುಕಿ ಯಾವ ಗಳಿಗೆಯಲ್ಲಾದರೂ ಬರುವವಳಿದ್ದಳು, ಈಕೆ ಬಾಯಿಬಿಡಲೊಲ್ಲಳು.

"ಬಾಯಾಗ ಏನು ಅವಲಕ್ಕಿ ಇಟ್ಕೊಂಡೀ? ಹೂಂ ಅನ್ನು, ಇಲ್ಲ ಉಹೂಂ ಅನ್ನು!" ಎಂದು ಕಿರುಚಿದೆ.

ದೇವಿಕಾ ಎದ್ದಳು. ಬೆವರಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬಂದು ವೋಣಿಯ ಇನ್ನೊಂದು ತುದಿ ಹಿಡಿದು, ಕತ್ತರಿಗೆ ಸರಿಯಾಗಲೆಂದು ಬಿಗಿಯಾಗಿ ಎಳೆದು ನಿಂತಳು. ಚಂದ್ರಾಬಾಯಿ ಒಂದೇ ಸಲಕ್ಕೆ ಕತ್ತರಿಸಿದಳು.

ಬಳೆ ತಂದ ಮುದುಕಿಯನ್ನು ದೇವಿಕಾ ಗಲ್ಲಿಯಲ್ಲೇ ಎದುರುಗೊಂಡು ಮನೆಗೆ ಕರೆದೊಯ್ದಳು. ಆಮೇಲೆ ಮಷೀನು ದೀಪ ಹಚ್ಚುವ ತನಕ ನಿಲ್ಲಲಿಲ್ಲ. ನಾನು ಬೈಯುತ್ತಲೇ ನನ್ನ ಡಬ್ಬಿಯಿಂದ ಒಳ್ಳೆಯ ಗುಂಡಿ ಆರಿಸಿ ಕೊಟ್ಟೆ.

ಮರುದಿನ ಒಂಬತ್ತಕ್ಕೆ ಗಲ್ಲಿಯಲ್ಲಿ ಕಾರು ನಿಂತಿತು. ತಂಗಿಯ ಮನೆಯವರನ್ನು ಮದುವೆಗೆ ಕರೆದೊಯ್ಯಲು ಸಂಜೀವಕುಮಾರ ತಾನೇ ಸುತ್ತು ಹಾಕಿ ಬಂದಿದ್ದ. ಮುಂದಿನ ಸೀಟಿನಲ್ಲಿ ಈರಮ್ಮ, ಹೊಸ ಇಳಕಲ್ ಸೀರೆ. ದೇವಿಕಾ ಮತ್ತು ನೇಹಾ ಆಗಲೇ ಬಂದು ಚಂದ್ರಾಬಾಯಿಯ ಮಳಿಗೆಯ ಒಳಗಿದ್ದರು. ನಾನು ಅಂಗಡಿ ಬಾಗಿಲು ಅರ್ಧ ತೆರೆದು ಅಲ್ಲೇ ನಿಂತೆ.

ನೇಹಾ ಹೊರಗೆ ಬಂದಳು. ಹಸಿರು ಫ್ರಾಕು ಮೊಣಕಾಲು ದಾಟಿ ಮೀನಖಂಡದ ತನಕ ಇಳಿದಿತ್ತು. ಮೊಣಕೈವರೆಗೆ ಕುಂಕುಮ ಬಣ್ಣದ ತೋಳು, ಕೊರಳಿಗೆ ಸಣ್ಣ ಕಾಲರು, ಎದುರಿಗೆ ಗುಂಡಿ. ಎಲ್ಲೂ ಚಮಕಿ ಇಲ್ಲ. ಹನ್ನೊಂದು ವರ್ಷದ ಹುಡುಗಿ ಹನ್ನೊಂದು ವರ್ಷದವಳಂತೆಯೇ ಕಾಣುತ್ತಿದ್ದಳು.

ಸಂಜೀವಕುಮಾರ ಮೇಲಿಂದ ಕೆಳಗೆ ನೋಡಿದ. "ಇದೇನು? ವೋಣಿ ಎಲ್ಲಿ?"

ನೇಹಾ ಕಿಸೆಯೊಳಗೆ ಕೈ ಹಾಕಿ, ಒಳಗಿನ ಕೆಂಪು ಬಟ್ಟೆಯನ್ನು ಹೊರಗೆಳೆದು ತೋರಿಸಿದಳು. "ಇಲ್ಲಿ ಅದ ಮಾಮಾ. ಚಾವಿ ಇಡಾಕ."

ಅವನ ಮುಖ ಕಪ್ಪಿಟ್ಟಿತು. "ಯಾರು ಕತ್ರಿ ಹಾಕಿದ್ದು? ನಾಕು ಮಂದಿಗಿ ಹೇಳಿ ಬಂದೀನಿ ನಾ! ಯಾರು?"

ಚಂದ್ರಾಬಾಯಿ ಮುಂದೆ ಬಂದಳು. ಅವಳಿಗಿಂತ ಮುಂದೆ ದೇವಿಕಾ ಬಂದಳು.

"ನಾ ಹಾಕಿಸೀನಿ ಅಣ್ಣಾ. ನೀ ತಂದ ಬಟ್ಟಿ ಉಟ್ಟಾಳ ನೋಡು, ಚಲೋ ಆಗ್ಯದ. ವೋಣಿ ಈಗ ಬ್ಯಾಡ. ನನ್ನ ಮಗಳು ಇನ್ನಾ ಸಣ್ಣಾಕಿ ಅದಾಳ."

"ಹಂಗಾರ ನನಗ ತಂಗಿ ಇಲ್ಲಂತ ತಿಳ್ಕೋತೀನಿ," ಎಂದ. ಈರಮ್ಮನನ್ನು ಇಳಿಸಿದ, ಬಾಗಿಲು ಬಡಿದ, ಕಾರು ತಿರುಗಿಸಿಕೊಂಡು ಹೋದ. ಇಡೀ ಗಲ್ಲಿ ನೋಡುತ್ತಿತ್ತು.

ಈರಮ್ಮ ಹಣೆ ಹಣೆ ಬಡಿದುಕೊಂಡಳು. "ನಿನ್ನ ಕೈ ಮುರೀಲಿ ಚಂದ್ರಾಬಾಯಿ, ನಮ್ಮ ಮನಿ ಮಾನ ತೆಗದಿ!" ಎಂದು ಅವಳ ಮೇಲೆ ಏರಿ ಬಂದಳು. ನಾನು ಅಡ್ಡ ಹೋಗಬೇಕೆಂದು ಮೆಟ್ಟಿಲು ಇಳಿದೆ. ಅಷ್ಟರಲ್ಲಿ ನೇಹಾ ಅಳತೊಡಗಿದಳು, ಸದ್ದಿಲ್ಲದೆ, ಕಿಸೆಯ ಬಟ್ಟೆ ಇನ್ನೂ ಕೈಯಲ್ಲೇ ಹಿಡಿದುಕೊಂಡು. ಮುದುಕಿ ನಿಂತಳು. ಮೊಮ್ಮಗಳನ್ನು ಮೊದಲ ಸಲ ಸರಿಯಾಗಿ ನೋಡಿದಳು. ತೋಳು ಎಳೆದು ನೋಡಿದಳು, ಬೆನ್ನು ತಿರುಗಿಸಿ ನೋಡಿದಳು. ಏಳು ಅಂಗಡಿಯಲ್ಲಿ ಹುಡುಕಿ ಸಿಗದಿದ್ದದ್ದು ಎದುರಿಗೇ ನಿಂತಿತ್ತಲ್ಲ. ಬಗ್ಗಿ ಕೆಳಗಿನ ಅಂಚು ಮಗುಚಿದಳು.

"ಒಳಗ ಎಷ್ಟು ಬಿಟ್ಟೀದಿ?" ಎಂದು ಕೇಳಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಾಕು ಬೆರಳು, ಯಕ್ಕಾ."

ಈರಮ್ಮ ಮೂಗು ಒರೆಸಿಕೊಂಡಳು. "ಒಂಬತ್ತೂವರಿ ಬಸ್ ಅದ. ನಡೀರಿ, ಅಕ್ಕಿಕಾಳು ಬೀಳೂದರೊಳಗ ಮುಟ್ಟಬೇಕು," ಎಂದು ಹುಡುಗಿಯ ಕೈ ಹಿಡಿದು ಎಳೆದುಕೊಂಡು ನಡೆದೇಬಿಟ್ಟಳು.

ಎಲ್ಲ ಸುಸೂತ್ರವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಸುಗ್ಗಿ ಮುಗಿಯುವ ತನಕ ನಾಲ್ಕೈದು ದೊಡ್ಡ ಮನೆಯವರು ಚಂದ್ರಾಬಾಯಿಗೆ ಬಟ್ಟೆ ಕೊಡಲಿಲ್ಲ. ನಾಗರಪಂಚಮಿಗೆ ದೇವಿಕಾಳನ್ನು ತವರಿಗೆ ಕರೆಯಲು ಅಣ್ಣ ಬರಲಿಲ್ಲ. ಅವಳು ದಿನವೆಲ್ಲ ಬಾಗಿಲಲ್ಲಿ ಕೂತದ್ದನ್ನು ನಾನೇ ನೋಡಿದ್ದೇನೆ. ಸಂಜೆ ಉಂಡಿ ಕಟ್ಟಿಕೊಂಡು ಅವಳ ಮನೆಗೆ ಹೋಗಿದ್ದು ಚಂದ್ರಾಬಾಯಿ.

ಮೊನ್ನೆ ನೇಹಾ ಬಂದಿದ್ದಳು. ಈಗ ಏಳನೇ ಕ್ಲಾಸು. ಸೈಕಲ್ಲನ್ನು ಬೇವಿನ ಗಿಡಕ್ಕೆ ಒರಗಿಸಿ, ಚಾವಿಯನ್ನು ಕಿಸೆಗೆ ಹಾಕಿಕೊಂಡಳು. ಅದೇ ಹಸಿರು ಫ್ರಾಕು ಈಗ ಗಿಡ್ಡವಾಗಿತ್ತು. ಹಿಂದೆ ಏದುಸಿರು ಬಿಡುತ್ತಾ ಈರಮ್ಮ ಬಂದಳು. ಚಂದ್ರಾಬಾಯಿ ಅಂಚಿನ ಹೊಲಿಗೆ ಬಿಚ್ಚಿದಳು. ಮಡಿಕೆಯ ಒಳಗೆ ಬಟ್ಟೆ ಇನ್ನೂ ಹೊಸದಾಗಿಯೇ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇಕೆ?

ಒಂದೇ ಬೆರಳು ಕೆಳಗಿಳಿಸಿ ಚಂದ್ರಾಬಾಯಿ ಮತ್ತೆ ಹೊಲಿದುಕೊಟ್ಟಳು. ಈರಮ್ಮ ಬಗ್ಗಿ, ಉಳಿದ ಮಡಿಕೆಯ ಮೇಲೆ ತನ್ನ ಬೆರಳಿಟ್ಟು ಎಣಿಸಿದಳು.

"ಇನ್ನಾ ಮೂರು ಅದಾವ," ಎಂದಳು. "ಅವಸರ ಏನದ?"