ರಾಮಾಂಜಿನಮ್ಮನ ಕುಡುಗೋಲು

ಬಡವನಹಳ್ಳಿ ಸುತ್ತಮುತ್ತ ಆಲೂಗಡ್ಡೆ ಹಾಕುವವರು ಮೊದಲು ಹೇಳಿಕಳಿಸುವುದು ರಾಮಾಂಜಿನಮ್ಮನಿಗೆ. ಒಂದೊಂದು ಹೋಳಿಗೂ ಮೊಳಕೆಯ ಕಣ್ಣು ಉಳಿಯುವ ಹಾಗೆ ಕುಡುಗೋಲಿನಿಂದ ಬಿತ್ತನೆ ಗಡ್ಡೆ ಕೊಯ್ಯುವ ಕೈ ಅವಳದು. ಬೆಳೆರೋಗ ಪರೀಕ್ಷಿಸುವ ಲ್ಯಾಬಿಗೆ ನಾನು ಕೆಲಸಕ್ಕೆ ಹೋದಾಗ ನನ್ನ ಮಗನನ್ನು ಎತ್ತಿಕೊಳ್ಳುವುದೂ ಅದೇ ಕೈ.

ಈ ಸಲ ಅವಳು ಗಡ್ಡೆ ಕೊಯ್ದುಕೊಟ್ಟಿದ್ದ ರೇಣುಕಯ್ಯನವರ ಹೊಲದಲ್ಲಿ ಹಸಿರಾಗಿದ್ದ ಗಿಡಗಳು ನಿಂತಲ್ಲೇ ಜೋತುಬಿದ್ದವು. ಅವರು ಹಾಲಿನ ಡೇರಿ ಮುಂದೆ, ಎಲ್ಲರೆದುರು, ಅವಳ ಮೇಲೆ ಎಗರಿದರು.

"ನಿನ್ ಕುಡ್ಲಾಗೇ ರೋಗ ಐತೆ ಕಣಮ್ಮಿ! ಯಾರ ಹೊಲದ ಕೊಳೆ ತಂದು ನನ್ ಹೊಲಕ್ಕೆ ಅಂಟಿಸ್ದೆ?"

"ಅಗ್ಗ ಅಂತ ಎಲ್ಲಿಂದ್ಲೋ ಬೀಜ ತಂದೋರು ನೀವು. ನನ್ ಕುಡ್ಲು ಏನ್ ಮಾಡ್ತು?"

ಅಂದೇ ಸಂಜೆ, ತನ್ನ ಬಿತ್ತನೆಗೆ ಕರೆದಿದ್ದ ಮಲ್ಲೇಶ್ ಅವಳಿಗೆ ಬರಬೇಡ ಅಂದ. ಉಳಿದವರೂ ಕರೆಯಲಿಲ್ಲ.

ನಾನು ಹೊಲಕ್ಕೆ ಹೋಗಿ ಬಾಡಿದ ಗಿಡದ ಕಾಂಡ ತೆಗೆದುಕೊಂಡೆ. ಬಿತ್ತದೆ ಉಳಿದಿದ್ದ, ಕೊಯ್ಯದ ಗಡ್ಡೆಗಳನ್ನೂ ರೇಣುಕಯ್ಯನವರ ಹತ್ತಿರ ಕೇಳಿದೆ.

"ಅದ್ಯಾಕೆ? ಲಕ್ಷಣವಾಗೈತಲ್ಲ."

"ಲಕ್ಷಣ ಮೇಲಿಂದು, ರೇಣುಕಯ್ನೋರೇ. ಒಳಗಿಂದು ನೋಡ್ಬೇಕು."

"ನಿನ್ ಮಗನ್ನ ನೋಡ್ಕಳೋಳು ಅವ್ಳು. ನಿನ್ ಪರೀಕ್ಷೆ ಹೆಂಗಿರ್ತದೆ ಅಂತ ಗೊತ್ತಿಲ್ವಾ?" ಎಂದು ಚೀಲವನ್ನು ಕಾಲಿನಿಂದ ನನ್ನತ್ತ ತಳ್ಳಿದರು.

ಆ ಮಾತು ಚುಚ್ಚಿತು. ಯಾವುದು ಯಾರದೆಂದು ಬರೆಯದೆ ಮಾದರಿಗಳಿಗೆ ಬರೀ ನಂಬರ್ ಹಾಕಿ, ಪಿಸಿಆರ್ ಮಾಡುವುದನ್ನು ಲ್ಯಾಬಿನಲ್ಲಿ ಜೊತೆ ಕೆಲಸ ಮಾಡುವ ಮೋಹನ್ ಕುಮಾರ್‌ಗೆ ಬಿಟ್ಟೆ. ರೋಗಾಣುವಿನ ಡಿಎನ್‌ಎ ಎಳ್ಳಷ್ಟಿದ್ದರೂ ಅದನ್ನು ಹೆಚ್ಚಿಸಿ ಕಣ್ಣಿಗೆ ಕಾಣಿಸುವ ಪರೀಕ್ಷೆ ಅದು. ಬಾಡಿದ ಗಿಡದಲ್ಲಿ ಸೊರಗು ರೋಗದ ಬ್ಯಾಕ್ಟೀರಿಯಾ ಇತ್ತು. ಕುಡುಗೋಲು ಮುಟ್ಟದ, ನೋಡಲು ಚೆನ್ನಾಗಿದ್ದ ಗಡ್ಡೆಯಲ್ಲೂ ಅದೇ ಇತ್ತು.

ಡೇರಿ ಮುಂದೆಯೇ ಹೇಳಿದೆ, ರೋಗ ಬಂದದ್ದು ಬೀಜದೊಳಗೆ ಎಂದು.

ರಾಮಾಂಜಿನಮ್ಮ ಸೆರಗು ಸಿಕ್ಕಿಸಿಕೊಂಡಳು. "ಈಗೇಳಿ, ಯಾರ ಕೊಳೆ?"

ರೇಣುಕಯ್ಯ ಬೈಕಿನ ಕೀಲಿ ಹುಡುಕತೊಡಗಿದರು. ಮಲ್ಲೇಶ್ ನನ್ನನ್ನು ಕೇಳಿದ: "ಅಂಗಾರೆ ಕುಡ್ಲಿಂದ ಏನೂ ಹರಡ್ಲಿಲ್ವಾ ಅಕ್ಕ?"

ಸುಳ್ಳು ಹೇಳಲಾಗಲಿಲ್ಲ. "ಹರಡಿರುತ್ತೆ. ರೋಗದ ಗಡ್ಡೆ ಕೊಯ್ದ ಕುಡ್ಲಲ್ಲೇ ಇನ್ನೊಂದು ಕೊಯ್ದ್ರೆ ಅದಕ್ಕೂ ಅಂಟುತ್ತೆ."

"ಅಂಗನ್ನು ಮತ್ತೆ!" ಎಂದು ರೇಣುಕಯ್ಯ ನಕ್ಕರು.

ರಾಮಾಂಜಿನಮ್ಮ ನನ್ನತ್ತ ತಿರುಗಿದಳು. "ನೀನೂ ಅವ್ರ ಜೊತೆ ಸೇರ್ಕಂಡ್ಯೇನೇ? ಆವಯ್ಯನ ಬೀಜದ ಕೊಳೆ ನನ್ ಕುಡ್ಲಿಗೆ ಮೆತ್ಕಂತು ಅನ್ನು!"

ಹೌದು, ಹಾಗೇ ಎಂದೆ. ಅವಳ ಮುಖದ ಬಿಗಿ ಸಡಿಲಲಿಲ್ಲ.

"ಬೀಜ ಪರೀಕ್ಷೆ ಮಾಡಿಸ್ತೀನಿ, ಆಮೇಲೆ ಕುಯ್ಯಕ್ಕೆ ಬಾರಕ್ಕ," ಎಂದ ಮಲ್ಲೇಶ್.

"ಎರಡು ಕುಡ್ಲು ಇಡು, ಒಂದ್ರಲ್ಲಿ ಕುಯ್ಯೋವಾಗ ಇನ್ನೊಂದು ಅದ್ದಕ್ಕೆ ಬ್ಲೀಚಿಂಗ್ ಪೌಡರ್ ನೀರಿಡು. ಆಗಲ್ಲ ಅಂದ್ರೆ ನಿನ್ ಹೆಂಡ್ತಿ ಕೈಲೇ ಕುಯ್ಸ್ಕೊ!" ಎಂದಳು ರಾಮಾಂಜಿನಮ್ಮ.

ಅವನು ಒಪ್ಪಿದ. ರೇಣುಕಯ್ಯ ಬೈಕ್ ಹತ್ತುತ್ತಾ, ಇವಳನ್ನು ತನ್ನ ಹೊಲಕ್ಕಂತೂ ಕರೆಯುವುದಿಲ್ಲ ಎಂದರು.

"ಕರೆದ್ರೂ ಯಾವಳು ಬತ್ತಾಳೆ, ಹೋಗ್ರೀ!"

ಮಲ್ಲೇಶನ ಗಡ್ಡೆಗಳನ್ನು ಅವಳೇ ಕೊಯ್ದಳು, ಬಿತ್ತನೆ ಮುಗಿಯಿತು. ನನ್ನ ಹತ್ತಿರ ಅವಳು ಇನ್ನೂ ಮಾತಾಡಿಲ್ಲ.