ಕೆಂಪು ಶಾಯಿಯಲ್ಲಿ ತಿದ್ದಿದ ಸಾಲುಗಳು

ಹೋದ ತಿಂಗಳು ತಂಗಿಯ ಮಗಳ ಜೊತೆ ಬೀದರಿನ ಆಸ್ಪತ್ರೆಗೆ ಹೋಗಿದ್ದೆ. ಅವಳಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಡಾಕ್ಟರು ಒಳಗೆ ಕರೆಯುವ ಮುಂಚೆ ನರ್ಸ್ ಒಂದು ಹಾಳೆ ಕೊಟ್ಟಳು. ಅದರಲ್ಲಿ ಜ್ವರ ನೋಡುವ ಥರ್ಮಾಮೀಟರಿನಂಥ ಚಿತ್ರ. ಕೆಳಗೆ ಸೊನ್ನೆ, ಮೇಲೆ ಹತ್ತು. ಕಳೆದ ಒಂದು ವಾರ ಮನಸ್ಸಿಗೆ ಎಷ್ಟು ಸಂಕಟವಾಗಿತ್ತೋ ಅಲ್ಲಿ ಗೆರೆ ಎಳೆಯಬೇಕು. ಪಕ್ಕದಲ್ಲಿ ನಿದ್ದೆ, ಹಸಿವು, ಹೆದರಿಕೆ ಎಂದು ಸಣ್ಣ ಸಣ್ಣ ಚೌಕಗಳು. ಅವಳು ತಡಮಾಡದೆ ಎರಡರ ಮೇಲೆ ಗೆರೆ ಎಳೆದು ನನ್ನ ಕೈಗೆ ಕೊಟ್ಟಳು. ಆ ವಾರವಿಡೀ ನಾನು ಅವಳ ಮನೆಯಲ್ಲೇ ಇದ್ದೆ. ಅದು ಎರಡಲ್ಲ ಎಂದು ನನಗೆ ಗೊತ್ತಿತ್ತು...

ಆ ಹಾಳೆ ಹಿಡಿದು ಬೆಂಚಿನ ಮೇಲೆ ಕೂತಾಗ ನೆನಪಾದವರು ಔರಾದದ ನಮ್ಮ ದೊಡ್ಡ ಬಾಯಿಯವರು.

ನಮ್ಮ ಕಡೆ ಆಗ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಬಾಯಿ ಎನ್ನುತ್ತಿದ್ದರು. ಅವರು ಹೆಣ್ಣುಮಕ್ಕಳ ಶಾಲೆಯ ಹೆಡ್ ಮಾಸ್ತರಿಣಿ, ಹಾಗಾಗಿ ದೊಡ್ಡ ಬಾಯಿ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಎನ್ನುವಂಥ ಹೆಂಗಸಿಗೆ ಆ ಹೆಸರು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾನು ಭಾಲ್ಕಿಯಿಂದ ಅಲ್ಲಿಗೆ ಕನ್ನಡ ಕಲಿಸಲು ಹೋದೆ. ನನಗೆ ಹತ್ತೊಂಬತ್ತು. ಅವರಿಗೆ ನಲವತ್ತೈದರ ಆಸುಪಾಸು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ಶಾಲೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಂದನ್ನು ನನಗೆ ಬಿಟ್ಟುಕೊಟ್ಟರು. ರೊಟ್ಟಿ ಅವರು ಬಡಿಯುತ್ತಿದ್ದರು, ನೀರು ನಾನು ತರುತ್ತಿದ್ದೆ.

ಅವರ ತವರು ಉದಗೀರ. ಅಲ್ಲಿಯವರೆಗೆ ಅದು ನಮ್ಮ ಜಿಲ್ಲೆಯದೇ ಊರು. ರಾಜ್ಯಗಳು ಬೇರೆಯಾದಾಗ ಉದಗೀರ ಮುಂಬಯಿ ಕಡೆ ಹೋಯಿತು, ಔರಾದ ಮೈಸೂರಿನ ಕಡೆ ಉಳಿಯಿತು. ಯಾವ ಕಡೆ ಇರುತ್ತೀರಿ ಎಂದು ನೌಕರರನ್ನು ಕೇಳಿದರು. ಹೆಚ್ಚಿನ ಮರಾಠಿ ಶಿಕ್ಷಕರು ಆ ಕಡೆ ಬರೆದುಕೊಟ್ಟರು. ಇವರು ಮಾತ್ರ ಔರಾದ ಎಂದು ಬರೆದರು. ಈ ಶಾಲೆಗೆ ಹೆಣ್ಣುಮಕ್ಕಳನ್ನು ಮನೆಮನೆ ತಿರುಗಿ ಕರೆತಂದವರು ಅವರು. ಆದರೆ ಇಲ್ಲಿ ಉಳಿಯಬೇಕಾದರೆ ಕನ್ನಡ ಪರೀಕ್ಷೆ ಪಾಸಾಗಬೇಕು ಎಂದು ಹುಕುಂ ಬಂತು. ಅವರಿಗೆ ಮರಾಠಿ, ಉರ್ದು ಚೆನ್ನಾಗಿ ಬರುತ್ತಿತ್ತು. ಕನ್ನಡ ಕಿವಿಗೂ ನಾಲಿಗೆಗೂ ಪರಿಚಯವಿತ್ತು, ಅಕ್ಷರ ಬರುತ್ತಿರಲಿಲ್ಲ.

ಹೀಗೆ ನಾನು ಅವರಿಗೆ ಮಾಸ್ತರಿಣಿಯಾದೆ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಒಂದು ವಹಿಯಲ್ಲಿ ಐದು ವಾಕ್ಯ ಬರೆದು ತೋರಿಸಬೇಕೆಂದು ಹೇಳಿದ್ದೆ. ವಿಷಯ ಯಾವುದಾದರೂ ಸರಿ. ಮೊದಮೊದಲು ಆಕಳು, ಬಾವಿ, ಹುಣಸೆ ಮರ ಎಂದು ಬರೆಯುತ್ತಿದ್ದರು. ದೀಪಾವಳಿ ಕಳೆದ ಮೇಲೆ ವಾಕ್ಯಗಳು ಬೇರೆಯಾದವು. 'ನನಗೆ ನಿದೆ ಬರುವುದಿಲ್ಲ.' ನಾನು ದಕಾರಕ್ಕೆ ಒತ್ತು ಕೊಟ್ಟು ತಿದ್ದಿದೆ. 'ನನಗೆ ಬಯ ಆಗುತ್ತದೆ.' ಭಕಾರ ಮಾಡಿಸಿದೆ. ಒಂದು ದಿನ 'ನನ್ನ ಎದೆಯಲ್ಲಿ ಕಳ್ಳು ಇದೆ' ಎಂದು ಬರೆದಿದ್ದರು. ಕಳ್ಳು ಅಂದರೆ ಸೇಂದಿ ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು. ಲಕಾರ ಳಕಾರದ ಭೇದ ಹೇಳಿ, ಎದೆಯಲ್ಲಿ ಅನ್ನುವುದಿಲ್ಲ, ಎದೆಯ ಮೇಲೆ ಅನ್ನುತ್ತೇವೆ ಎಂದು ಅದನ್ನೂ ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತು ಸಲ ಬರೆಯಲು ಹೇಳಿದೆ. ಪರೀಕ್ಷೆಯ ಭಾರ ಎದೆಯ ಮೇಲಿದೆ ಎಂದು ಬರೆಯುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಹತ್ತು ಸಲ ಬರೆದರು.

ಚಳಿಗಾಲದ ಹೊತ್ತಿಗೆ ಅವರು ಇಳಿದುಹೋಗಿದ್ದರು. ಅರ್ಧ ರೊಟ್ಟಿಯೂ ಸೇರುತ್ತಿರಲಿಲ್ಲ. ತಮ್ಮ ಕೋಣೆಯಲ್ಲಿ ಹೊತ್ತುಗೊತ್ತಿಲ್ಲದೆ ಲೋಬಾನದ ಹೊಗೆ ಹಾಕುತ್ತಿದ್ದರು; ದೇವರ ಮೇಲೆ ಭಕ್ತಿ ಹೆಚ್ಚಿತು ಎಂದು ನಾನು ತಿಳಿದೆ. ಕರಿ ಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯತೊಡಗಿದರು. ವಹಿಯಲ್ಲಿ ಅಕ್ಷರಗಳು ವಕ್ರವಾದವು. ಮನಸ್ಸಿಟ್ಟು ಬರೆಯುತ್ತಿಲ್ಲ ಎಂದು ನಾನು ಒಂದೆರಡು ಸಲ ಗದರಿದ್ದೂ ಉಂಟು. ಈಗ ನೆನೆದರೆ...

ಶಾಲೆಯ ಕಾಗದಪತ್ರದ ಕೆಲಸಕ್ಕೆ ಇಬ್ಬರೂ ಬೀದರಿಗೆ ಹೋದಾಗ ನಾನೇ ಒತ್ತಾಯ ಮಾಡಿ ಒಬ್ಬ ಡಾಕ್ಟರರ ಹತ್ತಿರ ಕರೆದೊಯ್ದೆ. ಅವರು ಮೇಜಿನ ಆಚೆಯಿಂದಲೇ ನಿದ್ದೆ ಬರುತ್ತದೆಯೇ, ಹಸಿವಾಗುತ್ತದೆಯೇ, ಏನಾದರೂ ಚಿಂತೆ ಇದೆಯೇ ಎಂದು ಕೇಳಿದರು. ಬಾಯಿಯವರು ತಲೆ ತಗ್ಗಿಸಿ ಸೆರಗು ಎಳೆದುಕೊಂಡರು. ಉತ್ತರ ಕೊಟ್ಟವಳು ನಾನು. ಕನ್ನಡ ಪರೀಕ್ಷೆಯ ಚಿಂತೆ ಸಾಹೇಬರೇ, ಅದೊಂದೇ ಎಂದೆ. ಡಾಕ್ಟರು ನಕ್ಕು ಒಂದು ಬಾಟಲಿ ಟಾನಿಕ್ ಬರೆದುಕೊಟ್ಟರು. ಬಸ್ಸಿನಲ್ಲಿ ಅವರು ಆ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಔರಾದ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದರು.

ಸಂಕ್ರಾಂತಿ ಆದ ಮೇಲಿನ ಒಂದು ರವಿವಾರ ಬೆಳಗ್ಗೆ ಅವರು ಕತ್ತರಿ ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಬಲಗೈ ಬಾತು ಕುಪ್ಪಸದ ತೋಳು ಮಾಂಸದಲ್ಲಿ ಹೂತಿತ್ತು. ಒಬ್ಬಳಿಗೇ ಬಿಚ್ಚಲಾಗುತ್ತಿಲ್ಲ, ಕತ್ತರಿಸು ಎಂದರು. ತೋಳು ಕತ್ತರಿಸಿ ಕುಪ್ಪಸ ಸರಿಸಿದೆ. ಒಳಗೆ ಹಳೆ ಸೀರೆಯ ಅರಿವೆ ಮಡಚಿ ಕಟ್ಟಿಕೊಂಡಿದ್ದರು. ಅದನ್ನು ತೆಗೆದಾಗ ಲೋಬಾನ ಯಾಕೆಂದು ತಿಳಿಯಿತು. ಬಲಗಡೆಯ ಮೊಲೆ ಕಲ್ಲಿನಂತೆ ಗಟ್ಟಿಯಾಗಿ, ನಡುವೆ ಒಡೆದು ಹುಣ್ಣಾಗಿತ್ತು.

ಕತ್ತರಿ ಕೆಳಗಿಟ್ಟೆ. "ಯಾಕ ಹೇಳಲಿಲ್ರಿ, ಬಾಯಿ?" ಎಂದೆ.

"ಬಾಯಿಲೆ ಹೇಳಾಕ ಆಗಲಿಲ್ಲ, ತಂಗಿ. ವಹಿದಾಗ ಬರದಿದ್ದೆ. ನೀ ತಿದ್ದಿ ಕೊಟ್ಟಿ."

ಅದರಲ್ಲಿ ಸಿಟ್ಟಿರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದರು, ಅಷ್ಟೇ. ಹುಡುಗಿಯರ ಗೈರುಹಾಜರಿ ಹೇಳುವಾಗಲೂ ಅವರ ದನಿ ಹಾಗೆಯೇ ಇರುತ್ತಿತ್ತು.

ಮರುದಿನವೇ ಮತ್ತೆ ಬೀದರಿಗೆ ಹೋದೆವು. ಈ ಸಲ ಹೆಣ್ಣು ಡಾಕ್ಟರರನ್ನು ಹುಡುಕಿದೆ. ವಯಸ್ಸಾದ ಹೆಂಗಸು. ಹುಣ್ಣು ತೊಳೆದು, ಕೈತೊಳೆದು ಬಂದು, ಕುರ್ಚಿಯನ್ನು ಬಾಯಿಯವರ ಹತ್ತಿರಕ್ಕೆ ಎಳೆದುಕೊಂಡು ಕೂತರು. ಗಂಟು ಯಾವಾಗ ಕಂಡಿತು ಎಂದು ಕೇಳಿದ ಹಾಗೆಯೇ ನಿದ್ದೆ ಯಾವಾಗ ಹೋಯಿತು, ಯಾರ ಮುಂದಾದರೂ ಅತ್ತಿದ್ದೀರಾ ಎಂದೂ ಕೇಳಿದರು. ನಾನು ಈ ಸಲ ಬಾಯಿ ಬಿಡಲಿಲ್ಲ. ಯಾರ ಮುಂದೂ ಇಲ್ಲ ಎಂದರು ಬಾಯಿಯವರು.

"ಅಂಜಿಕಿ ಎಷ್ಟ್ ಅದ ರೀ? ಸ್ವಲ್ಪೋ, ಭಾಳೋ?"

ಬಾಯಿಯವರು ಲೆಕ್ಕ ಬಿಡಿಸುವವರಂತೆ ಯೋಚಿಸಿದರು. "ಹುಡುಗ್ಯಾರ ಮುಂದ ನಿಂತಾಗ ಸ್ವಲ್ಪ ರೀ. ಮನಿಗಿ ಬಂದು ಬಾಗಲಾ ಹಾಕ್ಕೊಂಡ ಮ್ಯಾಲ... ಅದಕ್ಕ ಅಳತಿ ಇಲ್ರಿ."

ಆಮೇಲೆ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಹೆಂಗಸು ಅವರ ಬಾತ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಹೊರಗೆ ಕಾಯುವವರ ಕಡೆ ನೋಡದೆ ಕೂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, ಹೈದರಾಬಾದಿಗೆ ಕರೆದೊಯ್ದರೂ ಕೊಯ್ದು ತೆಗೆಯುವ ಹಂತ ದಾಟಿದೆ, ದೀಪಾವಳಿಯ ಹೊತ್ತಿಗೆ ಬಂದಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ ಎಂದರು. ದೀಪಾವಳಿಯ ಹೊತ್ತಿಗೆ ನಾನು ಒತ್ತಕ್ಷರ ತಿದ್ದುತ್ತಿದ್ದೆ.

ತಿಂಗಳೊಳಗೆ ಬಾಯಿಯವರು ರಜೆ ಬರೆದುಕೊಟ್ಟರು. ಉದಗೀರದಿಂದ ಅವರ ತಮ್ಮ ಬಂದ. ಎಕಂಬಾದ ಒಬ್ಬ ಹುಡುಗಿಯ ತಂದೆ ತನ್ನ ಗಾಡಿ ಹೂಡಿಕೊಂಡು ಬಂದು, ಹುಲ್ಲು ಹಾಸಿ, ಮೇಲೆ ಕೌದಿ ಹಾಸಿದ. ಹುಡುಗಿಯರು ಶಾಲೆಯ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದರು. ಬಾಯಿಯವರು ಎಂದಿನಂತೆ ಒಬ್ಬೊಬ್ಬರ ಹೆಸರು ಹಿಡಿದು ಕರೆದು ಹಾಜರಿ ತೆಗೆದುಕೊಂಡೇ ಗಾಡಿ ಹತ್ತಿದರು. ಕನ್ನಡ ಪರೀಕ್ಷೆಗೆ ಇನ್ನೂ ಮೂರು ವಾರವಿತ್ತು. ಬಂದು ನೋಡ್ತೇನ್ರಿ ಎಂದಷ್ಟೇ ಹೇಳಿದೆ. "ಬಾ," ಎಂದರು.

ಯುಗಾದಿ ಆದ ಮೇಲೆ ತಮ್ಮನ ಕಾರ್ಡು ಬಂತು. ಮರಾಠಿಯಲ್ಲಿ ಮೂರು ಸಾಲು. ಕೊನೆಯ ದಿನಗಳಲ್ಲಿ ಬಹಳ ನರಳಿದರು ಎಂಬುದು ಅದರಲ್ಲಿ ಒಂದು ಸಾಲು. ಒಂದು ದಿನ ಶಾಲೆಗೆ ರಜೆ ಕೊಟ್ಟೆವು. ಬೇಸಿಗೆಯ ನಂತರ ಹೊಸ ಹೆಡ್ ಮಾಸ್ತರಿಣಿ ಬಂದರು. ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು.

ಔರಾದದಿಂದ ಉದಗೀರಕ್ಕೆ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಅವರು ಬದುಕಿದ್ದ ಆ ಎರಡು ತಿಂಗಳಲ್ಲಿ ನಾನು ಹೋಗಲಿಲ್ಲ. ಶಾಲೆಯ ಪರೀಕ್ಷೆ ಇತ್ತು, ರಜೆ ಸಿಗಲಿಲ್ಲ, ಬಸ್ಸು ಸರಿಯಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಈಗ ಮೊಣಕಾಲು ಹಿಡಿದಿವೆ. ಆ ತಮ್ಮನೂ ಇಲ್ಲವೆಂದು ಯಾರೋ ಹೇಳಿದರು. ಉದಗೀರದಲ್ಲಿ ಅವರ ಮನೆ ಯಾವ ಓಣಿಯಲ್ಲಿತ್ತು ಎಂದು ಕೂಡ ನಾನು ಕೇಳಿಟ್ಟುಕೊಂಡಿರಲಿಲ್ಲ.